ಬಿಸಿನಾಡಿನ ಅಡುಗೆಮನೆಯಲ್ಲಿ ಕ್ರೋಸಾಂಟ್: ಬೆಣ್ಣೆ, ಕಣಕ ಮತ್ತು ಉಷ್ಣತೆಯ ಲೆಕ್ಕ

ಮನೆಯಲ್ಲಿ ಕೇಕು, ಬಿಸ್ಕತ್ತು, ಬನ್ನುಗಳನ್ನು ಸರಾಗವಾಗಿ ಮಾಡಬಲ್ಲವರು ಇನ್ನೂ ಕಠಿಣವಾದುದಕ್ಕೆ ಕೈಹಾಕಬೇಕೆಂದುಕೊಂಡಾಗ ಅವರ ಮನಸ್ಸಿಗೆ ಮೊದಲು ಬರುವ ತಿನಿಸುಗಳಲ್ಲಿ ಬೆಣ್ಣೆಯ ಪದರಗಳಿರುವ ಅರ್ಧಚಂದ್ರಾಕಾರದ ಕ್ರೋಸಾಂಟ್ ಒಂದು. ಸಾಮಗ್ರಿಗಳ ಪಟ್ಟಿಯಲ್ಲಿ ಹೆದರಿಸುವಂಥದ್ದು ಏನೂ ಇಲ್ಲ. ಮೈದಾ, ಹಾಲು, ಸಕ್ಕರೆ, ಉಪ್ಪು, ಯೀಸ್ಟ್, ಬೆಣ್ಣೆ ಇಷ್ಟೇ. ವಿಧಾನವನ್ನು ಹೇಳುವುದೂ ಸುಲಭ: ಕಣಕದೊಳಗೆ ಬೆಣ್ಣೆಯ ಹಾಳೆಯನ್ನಿಟ್ಟು ಮುಚ್ಚಿ, ಲಟ್ಟಿಸಿ, ಮಡಚಿ, ಮತ್ತೆ ಲಟ್ಟಿಸಿ, ಮತ್ತೆ ಮಡಚಿ, ಕೊನೆಗೆ ತ್ರಿಕೋನಗಳಾಗಿ ಕತ್ತರಿಸಿ ಸುತ್ತಿ ಬೇಯಿಸುವುದು. ಆದರೂ ಮೊದಲ ಪ್ರಯತ್ನದಲ್ಲಿ ಬಹಳ ಮಂದಿಗೆ ಸಿಗುವುದು ಪದರವೇ ಇಲ್ಲದ, ಟ್ರೇ ತುಂಬ ಬೆಣ್ಣೆ ಹರಿಸಿದ, ಒಳಗೆ ಹಸಿಹಸಿಯಾಗಿ ಉಳಿದ ಒಂದು ಬನ್ನು. ತಮಗೆ ಕೈಚಳಕ ಸಾಲದೆಂದು ತೀರ್ಮಾನಿಸಿ ಅಲ್ಲಿಗೇ ಬಿಟ್ಟುಬಿಡುವವರು ಅನೇಕರಿದ್ದಾರೆ. ಈ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಹೂರಣ ಹೊರಬಾರದಂತೆ ಒಬ್ಬಟ್ಟು ತಟ್ಟಬಲ್ಲ ಕೈಗೆ, ಅಂಚು ಹರಿಯದಂತೆ ಚಪಾತಿ ಲಟ್ಟಿಸಬಲ್ಲ ಕೈಗೆ, ಕ್ರೋಸಾಂಟ್ ಬೇಡುವ ಕೌಶಲ ಹೆಚ್ಚೂಕಡಿಮೆ ಬಂದೇ ಇರುತ್ತದೆ. ಕೆಲಸ ಕೆಡುವುದು ಉಷ್ಣತೆಯಲ್ಲಿ. ನಮಗೆ ಸಿಗುವ ಪಾಕವಿಧಾನಗಳಲ್ಲಿ ಬಹುಪಾಲು 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವ ಅಡುಗೆಮನೆಯನ್ನು ಕಲ್ಪಿಸಿಕೊಂಡು ಬರೆದವು. ನಮ್ಮ ಅಡುಗೆಮನೆಗಳು ವರ್ಷದ ಬಹುಕಾಲ 27ರಿಂದ 32 ಡಿಗ್ರಿಯಲ್ಲಿರುತ್ತವೆ. ಈ ಹತ್ತು ಡಿಗ್ರಿಗಳ ಅಂತರ ಎಲ್ಲೆಲ್ಲಿ ಏನೇನು ಮಾಡುತ್ತದೆ ಎಂಬುದು ಅರ್ಥವಾದರೆ ಪಾಕವಿಧಾನವನ್ನು ನಮ್ಮ ಹವೆಗೆ ತಕ್ಕಂತೆ ತಿದ್ದಿಕೊಳ್ಳುವುದು ಕಷ್ಟವೇನಲ್ಲ.

ಇದು ತಣ್ಣನೆಯ ನಾಡಿನಲ್ಲಿ ಬೆಳೆದ ತಿನಿಸು. 1683ರಲ್ಲಿ ತುರ್ಕರ ಮುತ್ತಿಗೆಯಿಂದ ವಿಯೆನ್ನಾ ಪಾರಾದ ನೆನಪಿಗೆ ಅರ್ಧಚಂದ್ರದ ಆಕಾರ ಬಂತೆಂಬ ಜನಪ್ರಿಯ ಕತೆಗೆ ಆ ಕಾಲದ ದಾಖಲೆಯ ಆಧಾರವಿಲ್ಲ. ಆಸ್ಟ್ರಿಯಾದ ಸೇನೆಯಲ್ಲಿ ಅಧಿಕಾರಿಯಾಗಿದ್ದ ಆಗಸ್ಟ್ ಝಾಂಗ್ ಎಂಬುವನು 1830ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ವಿಯೆನ್ನಾ ಶೈಲಿಯ ಬೇಕರಿ ತೆರೆದು ವಿಯೆನ್ನಾದ ಅರ್ಧಚಂದ್ರಾಕಾರದ ಕಿಪ್ಫೆರ್ಲ್ ಎಂಬ ಬನ್ನನ್ನು ಮಾರಿದ್ದು ಮಾತ್ರ ಖಚಿತ. ಬೆಣ್ಣೆಯ ಪದರಗಳಿರುವ ಇಂದಿನ ರೂಪ ಫ್ರೆಂಚ್ ಬೇಕರಿಗಳಲ್ಲಿ ನೆಲೆಗೊಂಡದ್ದು ಅದಾದ ಬಹುಕಾಲದ ಮೇಲೆ.

ಬೆಣ್ಣೆ ಯಾವಾಗ ಬಾಗುತ್ತದೆ, ಯಾವಾಗ ಮುರಿಯುತ್ತದೆ

ನೀರು ಸೊನ್ನೆ ಡಿಗ್ರಿಯಲ್ಲಿ ಥಟ್ಟನೆ ಗಟ್ಟಿಯಾಗುವ ಹಾಗೆ ಬೆಣ್ಣೆಗೆ ಒಂದೇ ಒಂದು ಕರಗುವ ಉಷ್ಣತೆ ಇಲ್ಲ. ಹಾಲಿನ ಕೊಬ್ಬು ಹಲವು ಬಗೆಯ ಕೊಬ್ಬುಗಳ ಮಿಶ್ರಣ. ಅವುಗಳಲ್ಲಿ ಕೆಲವು ಫ್ರಿಜ್ಜಿನೊಳಗೂ ದ್ರವವಾಗಿಯೇ ಇರುತ್ತವೆ, ಇನ್ನು ಕೆಲವು 35 ಡಿಗ್ರಿಯ ಹತ್ತಿರ ಬರುವವರೆಗೂ ಹರಳುಗಟ್ಟಿಯೇ ಇರುತ್ತವೆ. ಹೀಗಾಗಿ ಬೆಣ್ಣೆಯ ಗಟ್ಟಿತನವೆಂದರೆ ಆ ಕ್ಷಣದಲ್ಲಿ ಅದರಲ್ಲಿ ಹರಳಿನ ಪಾಲೆಷ್ಟು, ದ್ರವದ ಪಾಲೆಷ್ಟು ಎಂಬುದರ ಲೆಕ್ಕ. 5 ಡಿಗ್ರಿಯಲ್ಲಿ ಹರಳುಗಳು ಹೆಚ್ಚಾಗಿರುವುದರಿಂದ ಬೆಣ್ಣೆ ಒತ್ತಡಕ್ಕೆ ಬಾಗದೆ ಸೀಳುತ್ತದೆ. 20 ಡಿಗ್ರಿ ದಾಟಿದರೆ ದ್ರವದ ಪಾಲು ಹೆಚ್ಚಿ ಅದು ಕಣಕದೊಳಗೆ ಇಂಗಲು ಶುರುವಾಗುತ್ತದೆ. ಇವೆರಡರ ನಡುವೆ, ಸುಮಾರು 13ರಿಂದ 16 ಡಿಗ್ರಿಯ ಕಿರಿದಾದ ಅಂತರದಲ್ಲಿ ಮಾತ್ರ, ಬೆಣ್ಣೆ ಮುರಿಯದೆ, ಕರಗದೆ, ಲಟ್ಟಣಿಗೆಯ ಒತ್ತಡಕ್ಕೆ ತೆಳುವಾಗಿ ಹರಡಿಕೊಳ್ಳುತ್ತದೆ. ಕ್ರೋಸಾಂಟಿನ ಕಷ್ಟವೆಲ್ಲ ಈ ಮೂರು ನಾಲ್ಕು ಡಿಗ್ರಿಗಳಲ್ಲಿ ಅಡಗಿದೆ.

ಈ ಹದವನ್ನು ಥರ್ಮಾಮೀಟರ್ ಇಲ್ಲದೆಯೂ ಪರೀಕ್ಷಿಸಬಹುದು. ಬಟರ್ ಪೇಪರಿನ ನಡುವೆ ಚಪ್ಪಟೆಯಾಗಿ ತಟ್ಟಿ ಫ್ರಿಜ್ಜಿನಲ್ಲಿಟ್ಟ ಬೆಣ್ಣೆಯ ಹಾಳೆಯನ್ನು ಹೊರತೆಗೆದು, ಅರ್ಧ ಭಾಗ ಹೊರಚಾಚುವಂತೆ ಅಡುಗೆಕಟ್ಟೆಯ ಅಂಚಿನ ಮೇಲಿಡಬೇಕು. ಚಾಚಿದ ಭಾಗವನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿದಾಗ ಅದು ಪಟ್ಟೆಂದು ತುಂಡಾದರೆ ತೀರಾ ತಣ್ಣಗಿದೆ ಎಂದರ್ಥ. ಅಂಚಿನ ಮೇಲೆ ಸಣ್ಣ ಸಣ್ಣ ಬಿರುಕುಗಳು ಕಾಣಿಸಿಕೊಂಡು ಆಮೇಲೆ ಬಾಗಿದರೆ ಇನ್ನೊಂದೆರಡು ನಿಮಿಷ ಕಾಯಬೇಕು. ಒಂದೂ ಬಿರುಕಿಲ್ಲದೆ ಬಾಗಿ, ಬೆರಳು ತೆಗೆದ ಮೇಲೂ ಬಾಗಿದ ಆಕಾರದಲ್ಲೇ ಉಳಿದು, ಮೇಲ್ಮೈ ಮಾತ್ರ ಇನ್ನೂ ಮಂಕಾಗಿ ಒಣಗಿದಂತೆ ಕಾಣುತ್ತಿದ್ದರೆ ಅದೇ ಸರಿಯಾದ ಹದ. ಮೇಲ್ಮೈ ಹೊಳೆಯತೊಡಗಿತೆಂದರೆ ಸಮಯ ಮೀರಿದೆ; ಮತ್ತೆ ಫ್ರಿಜ್ಜಿಗೆ ಹೋಗಬೇಕು. ವಿದೇಶದ ಪಾಕವಿಧಾನಗಳು ಬೆಣ್ಣೆಯನ್ನು ಹೊರಗೆ ಹತ್ತು ಹದಿನೈದು ನಿಮಿಷ ಇಡಿ ಎನ್ನುತ್ತವೆ. 30 ಡಿಗ್ರಿಯ ಅಡುಗೆಮನೆಯಲ್ಲಿ ತೆಳುವಾದ ಹಾಳೆಗೆ ಮೂರು ನಾಲ್ಕು ನಿಮಿಷ ಧಾರಾಳವಾಯಿತು. ಗಡಿಯಾರದ ಬದಲು ಬೆಣ್ಣೆಯನ್ನೇ ನೋಡಿ ನಿರ್ಧರಿಸುವುದು ಇಲ್ಲಿಂದಲೇ ಆರಂಭವಾಗುತ್ತದೆ.

ಯಾವ ಬೆಣ್ಣೆ ಎಂಬ ಪ್ರಶ್ನೆಯೂ ಮುಖ್ಯ. ನಮ್ಮಲ್ಲಿ ಮಾರುಕಟ್ಟೆಗೆ ಬರುವ ಟೇಬಲ್ ಬಟರ್‌ನಲ್ಲಿ ಕನಿಷ್ಠ 80 ಶೇಕಡಾ ಹಾಲಿನ ಕೊಬ್ಬು ಇರಬೇಕು, ನೀರಿನಂಶ 16 ಶೇಕಡಾ ಮೀರಬಾರದು ಎಂಬ ನಿಯಮವಿದೆ. ಫ್ರಾನ್ಸಿನ ಸಾದಾ ಬೆಣ್ಣೆಗೆ ಕನಿಷ್ಠ ಕೊಬ್ಬು 82 ಶೇಕಡಾ. ಎರಡು ಶೇಕಡಾ ಕೊಬ್ಬಿನ ವ್ಯತ್ಯಾಸಕ್ಕಾಗಿ ದುಬಾರಿ ಆಮದು ಬೆಣ್ಣೆ ಕೊಳ್ಳುವ ಅಗತ್ಯ ಕಲಿಯುವ ಹಂತದಲ್ಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಉಪ್ಪಿಲ್ಲದ ಬೆಣ್ಣೆ ಸಿಕ್ಕರೆ ಒಳ್ಳೆಯದು. ಉಪ್ಪಿನ ಬೆಣ್ಣೆಯೇ ಸಿಕ್ಕರೆ ಕಣಕಕ್ಕೆ ಹಾಕುವ ಉಪ್ಪನ್ನು ಅರ್ಧಕ್ಕಿಳಿಸಿದರೆ ಸಾಕು. ಮೊಸರು ಕಡೆದು ತೆಗೆದ ಮನೆಯ ಬೆಣ್ಣೆ ಮಾತ್ರ ಈ ಕೆಲಸಕ್ಕೆ ಒಗ್ಗುವುದಿಲ್ಲ. ರುಚಿಯಲ್ಲಿ ಅದಕ್ಕೆ ಸಾಟಿಯಿಲ್ಲ ನಿಜ, ಆದರೆ ಅದರಲ್ಲಿ ನೀರು ಹೆಚ್ಚು, ಅದೂ ಒಂದೊಂದು ಸಲಕ್ಕೆ ಒಂದೊಂದು ಪ್ರಮಾಣದಲ್ಲಿ. ಲಟ್ಟಿಸುವಾಗ ಆ ನೀರು ಹನಿಹನಿಯಾಗಿ ಬಿಟ್ಟುಕೊಂಡು ಕಣಕವನ್ನು ನೆನೆಸಿ ಪದರಗಳನ್ನು ಅಂಟಿಸಿಬಿಡುತ್ತದೆ.

ಕಣಕಕ್ಕೆ ಬೇಕಾದ ವಿರಾಮ

ಬೆಣ್ಣೆ ಹದವಾಗಿದ್ದರೆ ಸಾಲದು, ಅದರ ಮೇಲೂ ಕೆಳಗೂ ಇರುವ ಕಣಕ ಅಷ್ಟೇ ಗಟ್ಟಿಯಾಗಿರಬೇಕು. ಕಣಕ ಮೆತ್ತಗಿದ್ದು ಬೆಣ್ಣೆ ಗಟ್ಟಿಯಾಗಿದ್ದರೆ ಲಟ್ಟಣಿಗೆಯ ಅಡಿಯಲ್ಲಿ ಕಣಕ ಮಾತ್ರ ಚಾಚಿಕೊಂಡು ಒಳಗಿನ ಬೆಣ್ಣೆ ಚೂರುಚೂರಾಗುತ್ತದೆ. ಕಣಕ ಗಟ್ಟಿಯಾಗಿದ್ದು ಬೆಣ್ಣೆ ಮೆತ್ತಗಾಗಿದ್ದರೆ ಬೆಣ್ಣೆ ಅಂಚುಗಳತ್ತ ಹಿಂಡಿಕೊಂಡು ಹೊರಬರುತ್ತದೆ. ಆದ್ದರಿಂದ ಕ್ರೋಸಾಂಟಿನ ಕಣಕವನ್ನು ಬ್ರೆಡ್ಡಿನದಕ್ಕಿಂತ ಗಟ್ಟಿಯಾಗಿ ಕಲಸಬೇಕು.

ಮೈದಾಕ್ಕೆ ನೀರು ಬೆರೆತೊಡನೆ ಅದರ ಪ್ರೋಟೀನುಗಳು ಕೂಡಿ ಗ್ಲೂಟೆನ್ ಎಂಬ ಜಾಲವಾಗುತ್ತದೆ. ಇದಕ್ಕೆ ಎರಡು ಗುಣ: ಎಳೆದರೆ ಚಾಚುತ್ತದೆ, ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ. ನಾದಿದಷ್ಟೂ, ಲಟ್ಟಿಸಿದಷ್ಟೂ ಹಿಂದಕ್ಕೆ ಸರಿಯುವ ಗುಣ ಬಲಗೊಳ್ಳುತ್ತದೆ. ಸುಮ್ಮನೆ ಬಿಟ್ಟರೆ ಸಡಿಲಗೊಳ್ಳುತ್ತದೆ. ಪರೋಟಾದ ಹಿಟ್ಟನ್ನು ಎಣ್ಣೆ ಸವರಿ ಗಂಟೆಗಟ್ಟಲೆ ನೆನೆಯಲು ಬಿಡುವುದಕ್ಕೂ ಇದೇ ಕಾರಣ. ಕ್ರೋಸಾಂಟಿನಲ್ಲಿ ಒಂದು ತೊಡಕು ಹೆಚ್ಚು, ಏಕೆಂದರೆ ಕಣಕ ಸಡಿಲಗೊಳ್ಳಲು ಸಮಯ ಬೇಕು, ಆ ಸಮಯದಲ್ಲಿ ಬೆಣ್ಣೆ ಕರಗಬಾರದು, ಹಾಗೆಂದು ಫ್ರಿಜ್ಜಿನಲ್ಲಿ ಹೆಚ್ಚು ಹೊತ್ತಿಟ್ಟರೆ ಬೆಣ್ಣೆ ಮತ್ತೆ ಮುರಿಯುವಷ್ಟು ಗಟ್ಟಿಯಾಗುತ್ತದೆ. ಪ್ರತಿ ಮಡಿಕೆಯ ನಡುವೆ ಅರ್ಧ ಗಂಟೆಯ ವಿರಾಮ ಎಂಬ ಸೂಚನೆ ಈ ಎರಡು ಬೇಡಿಕೆಗಳ ನಡುವಿನ ರಾಜಿ. ಲಟ್ಟಿಸುವಾಗ ಕಣಕ ಹಿಂದಕ್ಕೆ ಎಳೆದುಕೊಂಡರೆ ಬಲ ಹಾಕಬಾರದು. ಬಲ ಹಾಕಿದಾಗ ಹರಿಯುವುದು ಒಳಗಿನ ಪದರ, ಹೊರಗೆ ಏನೂ ಕಾಣಿಸುವುದಿಲ್ಲ. ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಹದಿನೈದು ನಿಮಿಷ ಬಿಟ್ಟರೆ ಅದೇ ಕಣಕ ತಾನಾಗಿ ಚಾಚಿಕೊಳ್ಳುತ್ತದೆ.

ನಮ್ಮ ಮೈದಾದ ಪ್ರೋಟೀನಿನ ಅಂಶ ಸಾಮಾನ್ಯವಾಗಿ 10ರಿಂದ 11 ಶೇಕಡಾ. ಇದು ಕ್ರೋಸಾಂಟಿಗೆ ಸಾಲದೇನಲ್ಲ, ಆದರೆ ಹೆಚ್ಚು ನೀರು ಹಿಡಿಯುವುದಿಲ್ಲ. ಪ್ರೋಟೀನು ಹೆಚ್ಚಿರುವ ಅಮೆರಿಕದ ಬ್ರೆಡ್ ಫ್ಲೋರ್ ಎಂಬ ಹಿಟ್ಟಿಗಾಗಿ ಬರೆದ ಪಾಕವಿಧಾನದ ದ್ರವವನ್ನು ಹಾಗೆಯೇ ನಮ್ಮ ಮೈದಾಕ್ಕೆ ಸುರಿದರೆ ಕಣಕ ಅಂಟಂಟಾಗಿ ಬೆಣ್ಣೆಗಿಂತ ಬಹಳ ಮೆತ್ತಗಾಗುತ್ತದೆ.

ಚಿರೋಟಿ ಕಂಡುಕೊಂಡ ಉತ್ತರ

ಪದರಗಳ ತಿನಿಸು ನಮಗೆ ಹೊಸದಲ್ಲ. ಹಳೇ ಮೈಸೂರು ಸೀಮೆಯ ಮದುವೆಯೂಟದಲ್ಲಿ ಬಾದಾಮಿ ಹಾಲಿನೊಂದಿಗೆ ಬಡಿಸುವ ಚಿರೋಟಿಯನ್ನು ಗಮನಿಸಿದರೆ, ಬಿಸಿ ಹವೆಯಲ್ಲಿ ಪದರವನ್ನು ಉಳಿಸಿಕೊಳ್ಳುವ ಸಮಸ್ಯೆಗೆ ಅದರಲ್ಲಿ ಬಹಳ ಜಾಣತನದ ಉತ್ತರವಿದೆ. ಚಿರೋಟಿ ರವೆ ಅಥವಾ ಮೈದಾದ ಗಟ್ಟಿ ಕಣಕವನ್ನು ತೆಳ್ಳಗಿನ ಪೂರಿಗಳಾಗಿ ಲಟ್ಟಿಸಿ, ಒಂದೊಂದರ ಮೇಲೂ ಸಾಟಿ ಸವರಿ, ಒಂದರ ಮೇಲೊಂದು ಪೇರಿಸಿ, ಸುರುಳಿ ಸುತ್ತಿ, ತುಂಡು ಮಾಡಿ, ಮೆಲ್ಲಗೆ ಒತ್ತಿ ಲಟ್ಟಿಸಿ ಕರಿಯುತ್ತಾರೆ. ಸಾಟಿ ಎಂದರೆ ಗಟ್ಟಿ ತುಪ್ಪವನ್ನು ಅಕ್ಕಿಹಿಟ್ಟಿನೊಂದಿಗೆ ಬೆಣ್ಣೆಯ ಹದ ಬರುವವರೆಗೆ ಕೈಯಿಂದ ಉಜ್ಜಿ ತಯಾರಿಸಿದ ಮಿಶ್ರಣ. ತುಪ್ಪವೊಂದನ್ನೇ ಸವರಿದ್ದರೆ ಅದು ಸುತ್ತುವಷ್ಟರಲ್ಲಿ ಕರಗಿ ಕಣಕಕ್ಕೆ ಇಂಗುತ್ತಿತ್ತು. ಅಕ್ಕಿಹಿಟ್ಟು ಬೆರೆತಿರುವುದರಿಂದ ತುಪ್ಪ ಅರೆಕರಗಿದರೂ ಜಾಗ ಬಿಟ್ಟು ಕದಲುವುದಿಲ್ಲ. ಗ್ಲೂಟೆನ್ ಇಲ್ಲದ ಆ ಹಿಟ್ಟಿನ ಕಣಗಳು ಎರಡು ಪದರಗಳ ನಡುವೆ ನಿಂತು ಅವು ಅಂಟದಂತೆ ತಡೆಯುತ್ತವೆ. ತುಪ್ಪದಲ್ಲಿ ನೀರಿಲ್ಲವಾದ್ದರಿಂದ ಪದರಗಳನ್ನು ಬಿಡಿಸುವುದು ಕಣಕದೊಳಗಿನ ತೇವ ಆವಿಯಾಗಿ ಹೊರಡುವ ಒತ್ತಡ ಮಾತ್ರ. ಸಣ್ಣ ಉರಿಯಲ್ಲಿ, ಪದರಗಳ ಮೇಲೆ ಬಿಸಿ ಎಣ್ಣೆ ಅಥವಾ ತುಪ್ಪ ಎರಚುತ್ತಾ ಕರಿಯಬೇಕೆನ್ನುವುದು ಅದಕ್ಕಾಗಿಯೇ.

ಬೇಕರಿಗಳ ಪಫ್ ಇದೇ ಸಮಸ್ಯೆಗೆ ಬೇರೊಂದು ದಾರಿ ಹಿಡಿಯಿತು. ಬೆಂಗಳೂರಿನ ಬೀದಿಬೀದಿಯಲ್ಲಿ ಸಿಗುವ ಆಲೂ ಪಫ್, ಎಗ್ ಪಫ್‌ಗಳಲ್ಲಿ ಬಹುಮಟ್ಟಿಗೆ ಬೆಣ್ಣೆಯ ಬದಲು ಪದರದ ಕೆಲಸಕ್ಕೆಂದೇ ತಯಾರಾಗುವ ಮಾರ್ಗರೀನ್ ಇರುತ್ತದೆ. ಅದು ನಮ್ಮ ಬೇಸಿಗೆಯಲ್ಲೂ ಗಟ್ಟಿಯಾಗಿ ಉಳಿಯುತ್ತದೆ, ಆದ್ದರಿಂದ ಫ್ರಿಜ್ಜಿನ ಗೋಜಿಲ್ಲದೆ ಮೇಜಿನ ಮೇಲೆಯೇ ಕೆಲಸ ಮುಗಿಯುತ್ತದೆ. ಆದರೆ ದೇಹದ ಉಷ್ಣತೆಗಿಂತ ಮೇಲೆ ಕರಗುವ ಕೊಬ್ಬು ಬಾಯಲ್ಲಿ ಪೂರ್ತಿ ಕರಗದೆ ಅಂಗುಳಕ್ಕೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಹಿಂದೆ ಇಂಥ ಕೊಬ್ಬುಗಳಲ್ಲಿ ಹೃದಯಕ್ಕೆ ಕೇಡುಮಾಡುವ ಟ್ರಾನ್ಸ್ ಫ್ಯಾಟ್ ಹೇರಳವಾಗಿತ್ತು. 2022ರ ಜನವರಿಯಿಂದ ದೇಶದಲ್ಲಿ ಅದರ ಮಿತಿಯನ್ನು 2 ಶೇಕಡಾಕ್ಕೆ ಇಳಿಸಲಾಗಿದೆ. ಮನೆಯಲ್ಲಿ ಇಷ್ಟು ಶ್ರಮಪಟ್ಟು ಮಾಡುವಾಗ ಬೆಣ್ಣೆಯನ್ನೇ ಬಳಸಬೇಕೆಂಬುದು ನನ್ನ ದೃಢವಾದ ನಿಲುವು, ಏಕೆಂದರೆ ಕ್ರೋಸಾಂಟಿನ ಪರಿಮಳವೆಲ್ಲ ಬೆಣ್ಣೆಯದೇ.

ಅಳತೆ ಮತ್ತು ಮಡಿಕೆ

ಮನೆಯ ಓಟಿಜಿಗೆ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಒಲೆಗೆ) 250 ಗ್ರಾಂ ಮೈದಾದ ಅಳತೆ ಸೂಕ್ತ. ಅದಕ್ಕೆ ತಣ್ಣನೆಯ ಹಾಲು 70 ಗ್ರಾಂ, ತಣ್ಣೀರು 60 ಗ್ರಾಂ, ಸಕ್ಕರೆ 28 ಗ್ರಾಂ, ಉಪ್ಪು 5 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಕಣಕಕ್ಕೆ ಬೆರೆಸಲು ಬೆಣ್ಣೆ 20 ಗ್ರಾಂ, ಪದರಕ್ಕೆ ಬೆಣ್ಣೆ 125 ಗ್ರಾಂ. ಇವನ್ನು ಲೋಟ, ಚಮಚಗಳಲ್ಲಿ ಅಳೆಯದೆ ತೂಗಬೇಕು. ಐದು ಗ್ರಾಂ ನೀರು ಹೆಚ್ಚಾದರೂ ಈ ಕಣಕದ ಗಟ್ಟಿತನ ಬದಲಾಗುತ್ತದೆ. ರಾತ್ರಿ ಕಲಸಿ, ಐದಾರು ನಿಮಿಷ ಮಾತ್ರ ನಾದಿ, ಚಪ್ಪಟೆಯಾಗಿ ತಟ್ಟಿ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಉಂಡೆಯಾಗಿಟ್ಟರೆ ಅದರ ನಡುಭಾಗ ತಣ್ಣಗಾಗಲು ಬಹಳ ಹೊತ್ತು ಹಿಡಿದು, ಅಷ್ಟರಲ್ಲಿ ಯೀಸ್ಟ್ ಅಗತ್ಯಕ್ಕಿಂತ ಹೆಚ್ಚು ಕೆಲಸ ಮಾಡಿಬಿಟ್ಟಿರುತ್ತದೆ. ಪದರದ ಬೆಣ್ಣೆಯನ್ನೂ ಆಗಲೇ 13 ಸೆಂಟಿಮೀಟರ್ ಚೌಕವಾಗಿ, ಸುಮಾರು 8 ಮಿಲಿಮೀಟರ್ ದಪ್ಪವಾಗಿ ತಟ್ಟಿ ಇಟ್ಟುಕೊಳ್ಳಬಹುದು.

ಲಟ್ಟಿಸುವ ಕೆಲಸಕ್ಕೆ ನಸುಕಿನ ಹೊತ್ತನ್ನು ಆರಿಸಿಕೊಳ್ಳುವುದು ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅನುಕೂಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಬೆಂಗಳೂರಿನಲ್ಲೂ ಚಿಕ್ಕಮಗಳೂರು, ಮಡಿಕೇರಿಗಳಲ್ಲೂ ಹವೆ ಈ ಕೆಲಸಕ್ಕೆ ಹೇಳಿಮಾಡಿಸಿದಂತಿರುತ್ತದೆ. ರಾಯಚೂರು, ಬಳ್ಳಾರಿ, ಕಲಬುರಗಿಯವರು ಏಪ್ರಿಲ್‌ನಲ್ಲಿ ಮೊದಲ ಪ್ರಯತ್ನ ಮಾಡದಿರುವುದೇ ಒಳಿತು, ಹವಾನಿಯಂತ್ರಿತ ಕೋಣೆಯಿದ್ದರೆ ಮಾತು ಬೇರೆ. ಕರಾವಳಿಯಲ್ಲಿ ಇನ್ನೊಂದು ತೊಂದರೆಯಿದೆ: ಗಾಳಿಯಲ್ಲಿನ ತೇವ ತಣ್ಣನೆಯ ಕಣಕದ ಮೇಲೆ ಬೆವರಿನಂತೆ ಕೂತು ಅಂಟಿಸುತ್ತದೆ. ಅಲ್ಲಿ ಫ್ರಿಜ್ಜಿನಿಂದ ತೆಗೆದ ಮೇಲೆ ಆದಷ್ಟು ಬೇಗ ಲಟ್ಟಿಸಿ ಮುಗಿಸಬೇಕು. ಎಲ್ಲ ಕಡೆಗೂ ಅನ್ವಯಿಸುವ ಒಂದು ಉಪಾಯವೆಂದರೆ, ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಐಸು ಮತ್ತು ನೀರು ತುಂಬಿ ಗ್ರಾನೈಟ್ ಕಟ್ಟೆಯ ಮೇಲೆ ಕಾಲು ಗಂಟೆ ಇಟ್ಟು, ಆಮೇಲೆ ಆ ಜಾಗವನ್ನು ಚೆನ್ನಾಗಿ ಒರೆಸಿ ಅಲ್ಲಿಯೇ ಲಟ್ಟಿಸುವುದು. ಕಲ್ಲು ತಂಪನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮೇಲಿನ ಫ್ಯಾನನ್ನು ಮಾತ್ರ ನಿಲ್ಲಿಸಬೇಕು, ಇಲ್ಲದಿದ್ದರೆ ಕಣಕದ ಮೇಲ್ಮೈ ಒಣಗಿ ಸಿಪ್ಪೆಗಟ್ಟಿ ಮಡಿಕೆಗಳಲ್ಲಿ ಸೀಳುತ್ತದೆ.

ಕಣಕವನ್ನು ಸುಮಾರು 19 ಸೆಂಟಿಮೀಟರ್ ಚೌಕವಾಗಿ ಲಟ್ಟಿಸಿ, ಬೆಣ್ಣೆಯ ಚೌಕವನ್ನು ಅದರ ಮೇಲೆ ಓರೆಯಾಗಿಟ್ಟು, ನಾಲ್ಕು ಮೂಲೆಗಳನ್ನೂ ಒಳಕ್ಕೆ ಮಡಚಿ ಅಂಚುಗಳನ್ನು ಒತ್ತಿ ಮುಚ್ಚಬೇಕು. ಈಗ ಬೆಣ್ಣೆಯ ಒಂದು ಪದರ ಒಳಗಿದೆ. ಇದನ್ನು 45 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲಕ್ಕೆ ಲಟ್ಟಿಸಿ, ಉದ್ದವನ್ನು ಮೂರಾಗಿ ಮಡಚಿದರೆ ಬೆಣ್ಣೆಯ ಪದರಗಳು ಮೂರಾಗುತ್ತವೆ. ತಣಿಸಿ, ಚೌಕವನ್ನು ಕಾಲುಸುತ್ತು ತಿರುಗಿಸಿ ಎರಡನೆಯ ಸಲ ಮಡಚಿದಾಗ ಒಂಬತ್ತು, ಮೂರನೆಯ ಸಲ ಇಪ್ಪತ್ತೇಳು. ಕ್ರೋಸಾಂಟಿಗೆ ಇಷ್ಟು ಸಾಕು. ಯೀಸ್ಟ್ ಇಲ್ಲದ ಪಫ್ ಕಣಕಕ್ಕೆ ಆರು ಮಡಿಕೆ ಕೊಟ್ಟು 729 ಪದರ ಮಾಡುವ ಪದ್ಧತಿಯಿರುವುದರಿಂದ ಇಲ್ಲಿಯೂ ಹೆಚ್ಚು ಮಡಚಿದರೆ ಹೆಚ್ಚು ಪದರ ಎಂದು ತೋರಬಹುದು. ಆದರೆ ಕ್ರೋಸಾಂಟಿನಲ್ಲಿ ಯೀಸ್ಟ್ ಉಬ್ಬಿಸುವಾಗ ಪ್ರತಿ ಪದರವೂ ಹಿಗ್ಗಬೇಕು. ಅತಿ ತೆಳುವಾದ ಪದರ ಹಿಗ್ಗುವಾಗ ಹರಿದು ಪಕ್ಕದ್ದರೊಡನೆ ಬೆರೆತು, ಕೊನೆಗೆ ಬೆಣ್ಣೆ ಹಾಕಿದ ಬನ್ನಿನ ಒಳಭಾಗವೇ ಉಳಿಯುತ್ತದೆ.

ಲಟ್ಟಿಸುವ ಮೊದಲು ಲಟ್ಟಣಿಗೆಯಿಂದ ಕಣಕದ ಉದ್ದಕ್ಕೂ ಸಮವಾಗಿ ಒತ್ತುತ್ತಾ ಹೋಗುವುದು ಒಳ್ಳೆಯ ಅಭ್ಯಾಸ. ಹಾಗೆ ಒತ್ತುವಾಗ ಒಳಗಿನ ಬೆಣ್ಣೆ ಇನ್ನೂ ಗಟ್ಟಿಯಾಗಿದ್ದರೆ ಕೈಗೆ ತಿಳಿಯುತ್ತದೆ, ಲಟ್ಟಿಸಿ ಮುರಿಯುವ ಮೊದಲೇ ಎರಡು ನಿಮಿಷ ಕಾಯಬಹುದು. ಮುರಿದೇ ಬಿಟ್ಟರೆ ತೆಳುವಾದ ಕಣಕದ ಮೂಲಕ ಅದು ಕಣ್ಣಿಗೂ ಬೀಳುತ್ತದೆ: ಒಂದೇ ಸಮನೆ ಇರಬೇಕಾದ ಹಳದಿ ಛಾಯೆಯ ಬದಲು ನಡುನಡುವೆ ಬಿಳಿಯ ಗೆರೆಗಳು ಮೂಡಿ, ತುಂಡುತುಂಡಾದ ಬೆಣ್ಣೆಯ ಅಂಚುಗಳು ಕಾಣುತ್ತವೆ. ಆ ಬಿಳಿ ಗೆರೆಗಳಿರುವಲ್ಲಿ ಕಣಕಕ್ಕೆ ಕಣಕ ತಾಗಿ ಅಂಟಿಕೊಂಡಿದೆ, ಅಲ್ಲಿ ಪದರ ಬಿಡುವುದಿಲ್ಲ. ಉದುರಿಸಿದ ಒಣಹಿಟ್ಟನ್ನು ಮಡಚುವ ಮೊದಲು ಬ್ರಷ್‌ನಿಂದ ಪೂರ್ತಿ ಒರೆಸಿ ತೆಗೆಯುವುದನ್ನು ಮರೆಯಬಾರದು.

ಮೂರು ಮಡಿಕೆ ಮುಗಿದು ಒಂದು ಗಂಟೆ ತಣಿದ ಮೇಲೆ 55 ಸೆಂಟಿಮೀಟರ್ ಉದ್ದ, 22 ಸೆಂಟಿಮೀಟರ್ ಅಗಲಕ್ಕೆ, ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 10 ಸೆಂಟಿಮೀಟರ್ ಬುಡವಿರುವ ತ್ರಿಕೋನಗಳನ್ನು ಹರಿತವಾದ ಚಾಕುವಿನಿಂದ ಒತ್ತಿ ಕತ್ತರಿಸಬೇಕು. ಚಾಕುವನ್ನು ಎಳೆದರೆ ಅಂಚಿನ ಪದರಗಳು ಕಲಸಿಹೋಗುತ್ತವೆ. ಸುತ್ತುವಾಗ ಬಿಗಿಯಾಗಿ ಎಳೆಯದೆ, ತುದಿ ಕೆಳಗೆ ಬರುವಂತೆ ಟ್ರೇಯಲ್ಲಿಡಬೇಕು.

ಉಬ್ಬುವ ಹೊತ್ತು

ಇಷ್ಟೆಲ್ಲ ಜಾಗ್ರತೆಯಿಂದ ಮಾಡಿದ ಕೆಲಸ ನಮ್ಮ ಅಡುಗೆಮನೆಗಳಲ್ಲಿ ಹೆಚ್ಚಾಗಿ ಹಾಳಾಗುವುದು ಸುತ್ತಿಟ್ಟ ಮೇಲಿನ ಎರಡು ಗಂಟೆಗಳಲ್ಲಿ. ಬ್ರೆಡ್ ಮಾಡಿ ಅಭ್ಯಾಸವಿರುವವರು ಕಣಕ ಬೇಗ ಉಬ್ಬಲೆಂದು ಬೆಚ್ಚಗಿನ ಜಾಗ ಹುಡುಕುತ್ತಾರೆ. ಕ್ರೋಸಾಂಟಿಗೆ ಅದು ಮಾರಕ. ಯೀಸ್ಟ್ 30 ಡಿಗ್ರಿಯಲ್ಲಿ ಚುರುಕಾಗಿ ಕೆಲಸ ಮಾಡುತ್ತದೆ ನಿಜ, ಆದರೆ ಆ ಉಷ್ಣತೆಯಲ್ಲಿ ಬೆಣ್ಣೆಯ ಬಹುಪಾಲು ದ್ರವವಾಗಿ ಪದರಗಳಿಂದ ಜಾರಿ ಟ್ರೇಗೆ ಇಳಿಯುತ್ತದೆ. 24ರಿಂದ 26 ಡಿಗ್ರಿಯೊಳಗೆ ನಿಧಾನವಾಗಿ ಉಬ್ಬಿಸುವುದೊಂದೇ ದಾರಿ. ಬೇಸಿಗೆಯಲ್ಲಿ ಟ್ರೇಯನ್ನು ಸ್ವಿಚ್ ಆರಿಸಿರುವ ಓಟಿಜಿಯೊಳಗಿಟ್ಟು ಅದರ ತಳದಲ್ಲಿ ತಣ್ಣೀರಿನ ಬಟ್ಟಲಿಟ್ಟರೆ ಒಳಗಿನ ಗಾಳಿ ತುಸು ತಂಪಾಗಿಯೂ ತೇವವಾಗಿಯೂ ಇರುತ್ತದೆ. ನೀರು ಬೆಚ್ಚಗಾದಂತೆ ಬದಲಿಸಬೇಕು. ಕರೆಂಟು ಹೋಗಿ ಬೇಯಿಸುವುದು ತಡವಾಗುವಂತಿದ್ದರೆ ಟ್ರೇಯನ್ನು ಫ್ರಿಜ್ಜಿಗೆ ಸೇರಿಸಿದರೆ ಉಬ್ಬುವ ವೇಗ ತಗ್ಗಿ ಒಂದಷ್ಟು ಸಮಯ ಸಿಗುತ್ತದೆ. ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಸಮಸ್ಯೆ ಇದಕ್ಕೆ ವಿರುದ್ಧ. ಚಳಿಗಾಲದಲ್ಲಿ ಅವರ ಕ್ರೋಸಾಂಟ್ ಉಬ್ಬಲು ಮೂರು ನಾಲ್ಕು ಗಂಟೆ ಬೇಕಾಗಬಹುದು.

ಸಾಕಷ್ಟು ಉಬ್ಬಿದೆಯೇ ಎಂದು ತಿಳಿಯಲು ಟ್ರೇಯನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಸಿದ್ಧವಾದ ಕ್ರೋಸಾಂಟ್ ತುಂಬಿದಂತಾಗಿ ಅದುರುತ್ತದೆ, ಪಕ್ಕದಿಂದ ನೋಡಿದರೆ ಪದರಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತಿರುವುದು ಕಾಣುತ್ತದೆ. ಬೇಗ ಒಲೆಗೆ ಸೇರಿಸುವ ಆತುರವನ್ನು ಇಲ್ಲಿ ತಡೆದುಕೊಳ್ಳಲೇಬೇಕು, ಏಕೆಂದರೆ ಸಾಕಷ್ಟು ಉಬ್ಬದ ಕ್ರೋಸಾಂಟ್ ಕೂಡ ಬೆಣ್ಣೆ ಕಾರುತ್ತದೆ: ಒಳಗೆ ಗಾಳಿಯ ಜಾಗವಿಲ್ಲದೆ ಬಿಗಿಯಾಗಿರುವ ಕಣಕ ಕರಗಿದ ಬೆಣ್ಣೆಯನ್ನು ಹಿಡಿದಿಟ್ಟುಕೊಳ್ಳಲಾರದು.

ಮೇಲೆ ಸವರಲು ಒಂದು ಮೊಟ್ಟೆಗೆ ಒಂದು ಚಮಚ ಹಾಲು ಸೇರಿಸಿ ಕಲಕಿದರೆ ಬಣ್ಣ ಚೆನ್ನಾಗಿ ಬರುತ್ತದೆ. ಮೊಟ್ಟೆ ಬಳಸದ ಮನೆಗಳಲ್ಲಿ ಹಾಲು ಮತ್ತು ಕೆನೆಯ ಮಿಶ್ರಣ ಸಾಕು, ಹೊಳಪು ಮಾತ್ರ ಸ್ವಲ್ಪ ಕಡಿಮೆ. ಯಾವುದೇ ಆಗಲಿ, ಕತ್ತರಿಸಿದ ಅಂಚುಗಳಿಗೆ ತಾಗಬಾರದು. ತಾಗಿದರೆ ಮೊದಲ ಶಾಖಕ್ಕೇ ಅದು ಗಟ್ಟಿಯಾಗಿ ಪದರಗಳನ್ನು ಬೆಸೆದುಬಿಡುತ್ತದೆ.

ಒಲೆಯೊಳಗೆ ನಡೆಯುವುದು

ಒಲೆಯ ಶಾಖ ತಗುಲಿದ ಕೂಡಲೇ ಬೆಣ್ಣೆ ಕರಗುತ್ತದೆ, ಅದರೊಳಗಿನ ನೀರು ಮತ್ತು ಕಣಕದ ನೀರು ಆವಿಯಾಗತೊಡಗುತ್ತವೆ. ಒಂದು ಗ್ರಾಂ ನೀರು ಕುದಿದು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. 125 ಗ್ರಾಂ ಬೆಣ್ಣೆಯಲ್ಲಿ 20 ಗ್ರಾಂನಷ್ಟು ನೀರಿದೆ ಎಂದರೆ ಅದೊಂದರಿಂದಲೇ ಮೂವತ್ತು ಲೀಟರಿಗೂ ಹೆಚ್ಚು ಆವಿ, ಅಂದರೆ ಮನೆಯ ಓಟಿಜಿಯೊಂದರ ಒಳಗಾತ್ರದಷ್ಟು. ಅದರಲ್ಲಿ ಬಹುಪಾಲು ಹೊರಗೆ ಹೋಗುತ್ತದೆ, ಆದರೆ ಹೋಗುವ ಮುನ್ನ ಪದರಗಳನ್ನು ತಳ್ಳಿ ಎತ್ತುತ್ತದೆ. ಪದರಗಳ ನಡುವಿನ ಕೊಬ್ಬು ಆವಿಯನ್ನು ಕ್ಷಣಕಾಲ ತಡೆಹಿಡಿಯುವುದರಿಂದಲೇ ಈ ತಳ್ಳುವಿಕೆ ಸಾಧ್ಯ. ಅಷ್ಟರಲ್ಲಿ ಮೈದಾದ ಪಿಷ್ಟ ಬೆಂದು, ಪ್ರೋಟೀನು ಬಿಗಿದು, ಎತ್ತಿದ ಆಕಾರ ಹಾಗೆಯೇ ನಿಲ್ಲುತ್ತದೆ. ಶಾಖ ಕಡಿಮೆಯಿದ್ದರೆ ಬೆಣ್ಣೆ ಕರಗುವುದು ಮೊದಲು, ಆವಿ ಏಳುವುದು ಬಹಳ ತಡವಾಗಿ. ಆ ಅಂತರದಲ್ಲಿ ಬೆಣ್ಣೆ ಸೋರಿಹೋಗುತ್ತದೆ.

ಆದ್ದರಿಂದ ಓಟಿಜಿಯನ್ನು 210 ಡಿಗ್ರಿಗೆ ಕನಿಷ್ಠ 20 ನಿಮಿಷ ಕಾಯಿಸಿ, ಟ್ರೇ ಒಳಗಿಟ್ಟ ಮೇಲೆ 195ಕ್ಕೆ ಇಳಿಸಿ, 18ರಿಂದ 22 ನಿಮಿಷ ಬೇಯಿಸಬೇಕು. ಸಣ್ಣ ಓಟಿಜಿಗಳಲ್ಲಿ ಗುಂಡಿಯ ಮೇಲಿನ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಅಗ್ಗದ ಸಾಧನ, ಈ ಕೆಲಸಕ್ಕೆ ನಾನು ಖಂಡಿತವಾಗಿ ಕೊಳ್ಳಿರೆಂದು ಹೇಳುವ ವಸ್ತು ಅದೊಂದೇ. ಮೇಲಿನ ಹೀಟರ್ ಕಾಯಿಲ್ ಹತ್ತಿರವಿರುವುದರಿಂದ ಹನ್ನೆರಡು ನಿಮಿಷದ ಹೊತ್ತಿಗೇ ಮೇಲ್ಭಾಗ ಕಂದಾಗಿ ಬೆಂದಂತೆ ಕಾಣುತ್ತದೆ. ಅದನ್ನು ನಂಬಿ ಹೊರತೆಗೆದರೆ ನಡುಭಾಗ ಹಸಿಯಾಗಿರುತ್ತದೆ. ಮೇಲೆ ಫಾಯಿಲ್ ಹೊದಿಸಿ, ಬದಿಗಳೂ ತಳವೂ ಗಾಢವಾದ ಹೊಂಗಂದು ಬಣ್ಣಕ್ಕೆ ಬರುವವರೆಗೆ ಬಿಡಬೇಕು. ಮೊದಲ ಹತ್ತು ನಿಮಿಷ ಬಾಗಿಲು ತೆರೆಯಬಾರದು.

ಪೂರ್ತಿ ಆರಿದ ಮೇಲೆ ಗರಗಸದ ಹಲ್ಲಿನ ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿದರೆ ಹಿಂದಿನ ಪ್ರತಿಯೊಂದು ಹಂತದ ವರದಿ ಅಲ್ಲಿ ಸಿಗುತ್ತದೆ. ಸುರುಳಿಯ ನಡುವಿನಿಂದ ಹೊರಕ್ಕೆ ತೆಳುವಾದ ಗೋಡೆಗಳು, ಅವುಗಳ ನಡುವೆ ಜೇನುಗೂಡಿನಂಥ ತೆರೆದ ಕೋಣೆಗಳು ಕಂಡರೆ ಎಲ್ಲವೂ ಸರಿಯಾಗಿದೆ. ಒಳಭಾಗ ಬ್ರೆಡ್ಡಿನ ಹಾಗೆ ಸಣ್ಣ ರಂಧ್ರಗಳಿಂದ ಕೂಡಿ, ಮೆತ್ತಗಿದ್ದು, ಬೆಣ್ಣೆಯ ರುಚಿ ಮಾತ್ರ ಚೆನ್ನಾಗಿದ್ದರೆ ಬೆಣ್ಣೆ ಲಟ್ಟಿಸುವಾಗಲೇ ಕಣಕಕ್ಕೆ ಇಂಗಿದೆ. ಮುಂದಿನ ಸಲ ಇನ್ನೂ ತಣ್ಣಗೆ ಕೆಲಸ ಮಾಡಬೇಕು. ಕೆಲವೆಡೆ ದೊಡ್ಡ ಪೊಳ್ಳು, ಕೆಲವೆಡೆ ಗಟ್ಟಿ ಮುದ್ದೆ ಇದ್ದರೆ ಬೆಣ್ಣೆ ತೀರಾ ತಣ್ಣಗಿದ್ದು ಮುರಿದಿದೆ. ತಳದಲ್ಲಿ ಹಸಿಯಾದ ಒತ್ತಾದ ಪಟ್ಟಿ ಉಳಿದಿದ್ದು ಟ್ರೇಯಲ್ಲಿ ಬೆಣ್ಣೆ ನಿಂತಿದ್ದರೆ ಉಬ್ಬಿದ್ದು ಸಾಲದು, ಅಥವಾ ಉಬ್ಬಿಸಿದ ಜಾಗ ತೀರಾ ಬೆಚ್ಚಗಿತ್ತು. ಇವೆರಡರಲ್ಲಿ ಯಾವುದೆಂದು ತಿಳಿಯಲು ಒಲೆಗೆ ಹಾಕುವ ಮೊದಲೇ ಟ್ರೇಯಲ್ಲಿ ಬೆಣ್ಣೆಯ ಕಲೆಯಿತ್ತೇ ಎಂದು ನೆನಪಿಸಿಕೊಂಡರೆ ಸಾಕು. ಈ ಕಾರಣಕ್ಕೆ ಅಡುಗೆಮನೆಯ ಉಷ್ಣತೆ, ಉಬ್ಬಿಸಿದ ಸಮಯ, ಕಣಕ ಹಿಂದಕ್ಕೆ ಎಳೆದುಕೊಂಡಿತೇ ಎಂಬಿಷ್ಟನ್ನು ಪ್ರತಿ ಸಲವೂ ಬರೆದಿಟ್ಟುಕೊಂಡು, ಮುಂದಿನ ಸಲ ಒಂದನ್ನು ಮಾತ್ರ ಬದಲಿಸುವುದು ಉಪಯುಕ್ತ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಬೆಣ್ಣೆಯ ಹದವನ್ನು ಕೈಗೆ ಪರಿಚಯಿಸಿಕೊಳ್ಳಲು ಮೊದಲು ಯೀಸ್ಟ್ ಇಲ್ಲದ ಪಫ್ ಕಣಕದಿಂದ ಆರಂಭಿಸುವುದು ಸುಲಭ ಎಂದು ನನಗನಿಸುತ್ತದೆ. ಅದಕ್ಕೆ ನಾಲ್ಕು ಮಡಿಕೆ ಕೊಟ್ಟರೂ ಒಳ್ಳೆಯ ಪದರ ಬರುತ್ತದೆ, ಒಳಗೆ ಮನೆಯ ಆಲೂಗಡ್ಡೆ ಪಲ್ಯವನ್ನೇ ತುಂಬಬಹುದು, ಉಬ್ಬಿಸುವ ಹಂತವಿಲ್ಲದ್ದರಿಂದ ಬಿಸಿಲಿನ ಊರುಗಳಲ್ಲೂ ಅರ್ಧ ಕಷ್ಟ ಕಳೆಯುತ್ತದೆ. ಅಲ್ಲಿಂದ ಕ್ರೋಸಾಂಟಿಗೆ ಬಂದವರು ಸುತ್ತಿದ ಹತ್ತರಲ್ಲಿ ಐದನ್ನು ಉಬ್ಬಿಸುವ ಮೊದಲೇ ಫ್ರೀಜರಿನಲ್ಲಿಟ್ಟುಕೊಳ್ಳಬಹುದು; ಒಂದೆರಡು ವಾರದವರೆಗೆ ಯೀಸ್ಟಿನ ಶಕ್ತಿ ಅಷ್ಟಾಗಿ ಕುಂದುವುದಿಲ್ಲ. ಬೇಕಾದ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಬೆಳಿಗ್ಗೆ ಎಂದಿಗಿಂತ ಅರ್ಧ ಗಂಟೆ ಹೆಚ್ಚು ಉಬ್ಬಿಸಿ ಬೇಯಿಸಿದರೆ ಮೊದಲ ದಿನದವುಗಳಿಗೂ ಇವಕ್ಕೂ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ.